ಡಕ್ಟ್ ತುಂಬಿತ್ತು, ನಾಲ್ಕು ಕೋರ್ ಫೈಬರ್ ಎಳೆದೆವು: ನನ್ನ ಅನುಭವ

ಟೋಕಿಯೊ ಪಕ್ಕದ ಇಂಜಾಯ್‌ನಲ್ಲಿ ನಮ್ಮ ಡೇಟಾ ಸೆಂಟರ್‌ನ ಎರಡು ಹಾಲ್‌ಗಳ ನಡುವೆ ನಾಲ್ಕು ಕೋರ್ ಫೈಬರ್ (ಒಂದೇ ಗಾಜಿನ ಎಳೆಯೊಳಗೆ ಬೆಳಕು ಸಾಗುವ ನಾಲ್ಕು ದಾರಿ) ಮೇಲೆ 400ಜಿ, ಅಂದರೆ ಸೆಕೆಂಡಿಗೆ 400 ಗಿಗಾಬಿಟ್, ಓಡುತ್ತಿದೆ. ಮಳೆಗಾಲ ಕಳೆಯಿತು, ಒಂದು ಲಿಂಕೂ ಬಿದ್ದಿಲ್ಲ. "ತೈವಾನ್-ಫಿಲಿಪ್ಪೀನ್ಸ್-ಅಮೆರಿಕ ಕೇಬಲ್‌ಗೆ ಗೂಗಲ್, ಎನ್‌ಇಸಿ ಎರಡು ಕೋರ್ ಹಾಕೋದು ಸರಿ, ಅದು ಸಮುದ್ರ. ನಿನ್ನ 300 ಮೀಟರ್‌ಗೆ ಯಾಕಪ್ಪಾ?" ಅಂತ ನಕ್ಕವರೇ ಈಗ ಪ್ಯಾನೆಲ್ ಫೋಟೊ ಕೇಳುತ್ತಿದ್ದಾರೆ.

ನಮ್ಮ ಡಕ್ಟ್, ಅಂದರೆ ಕೇಬಲ್ ಹೋಗುವ ನೆಲದಡಿಯ ಕೊಳವೆ, ತುಂಬಿತ್ತು. ಹೊಸದು ಅಗೆಯುವ ಕೋಟ್ ನೋಡಿ ಬಾಸ್ ಮಾತೇ ಆಡಲಿಲ್ಲ. ನಾವು ಬಳಸುವ 400ಜಿ ಮಾಡ್ಯೂಲ್ ಡಿಆರ್4ಗೆ (ಹೋಗಲು ನಾಲ್ಕು, ಬರಲು ನಾಲ್ಕು ಬೆಳಕಿನ ದಾರಿ) ಮಾಮೂಲಿ ಫೈಬರ್ ಆದರೆ ಎಂಟು ಎಳೆ ಬೇಕು, ಇದರಲ್ಲಿ ಎರಡೇ ಸಾಕು, ದಪ್ಪ ಅದೇ 125 ಮೈಕ್ರಾನ್. ಆದರೆ ದುಡ್ಡು ಹೋಗುವುದು ಫ್ಯಾನ್‌ಔಟ್‌ಗೆ, ಅಂದರೆ ನಾಲ್ಕು ಕೋರ್‌ಗಳನ್ನು ನಾಲ್ಕು ಮಾಮೂಲಿ ಎಳೆಗಳಾಗಿ ಬಿಡಿಸುವ ಭಾಗಕ್ಕೆ. ಅರ್ಧಕ್ಕಿಂತ ಜಾಸ್ತಿ ಅವೇ ನುಂಗಿದವು. ಆದರೂ ಎಲ್ಲ ಸೇರಿ ಅಗೆಯುವ ಕೋಟ್‌ನ ಮೂರನೇ ಒಂದು ಪಾಲು ಆಗಿರಬಹುದು.

ನಿಜವಾದ ಕಾಟ ಸ್ಪ್ಲೈಸ್‌ನದು, ಅಂದರೆ ಎರಡು ಎಳೆಗಳ ತುದಿ ಕರಗಿಸಿ ಬೆಸೆಯುವುದರದು. ಮಾಮೂಲಿ ಫೈಬರ್ ಹೇಗೆ ತಿರುಗಿದರೂ ಕೋರ್ ನಡುವೆಯೇ ಇರುತ್ತದೆ ಅಲ್ವಾ, ಇಲ್ಲಿ ಅದು ಮಧ್ಯದಿಂದ ಸುಮಾರು 28 ಮೈಕ್ರಾನ್ ಆಚೆ, ಹಾಗಾಗಿ ಒಂದು ಡಿಗ್ರಿ ತಪ್ಪಿದರೆ ಅರ್ಧ ಮೈಕ್ರಾನ್ ಜಾರುತ್ತದೆ, ಅಷ್ಟು ನಡೆಯುತ್ತದೆ, ಮೂರು ಡಿಗ್ರಿ ತಪ್ಪಿದರೆ ಅರ್ಧ ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ಹೋಯಿತು. ಡಿಆರ್4 ತಡೆಯುವ ನಷ್ಟವೇ 3 ಡಿಬಿ, ಅದರಲ್ಲಿ ಹತ್ತಿರ ಹತ್ತಿರ ಒಂದು ಡಿಬಿ ಫ್ಯಾನ್‌ಔಟ್‌ಗಳ ಪಾಲು. ಮೊದಲ ಕಂತಿನ ಸ್ಪ್ಲೈಸ್‌ಗಳು ಬಹುಪಾಲು ಕಸಕ್ಕೆ ಹೋದವು. ತುದಿ ನೋಡಿ ತಿರುಗಿಸುವ ಮೆಷಿನ್ ಬಾಡಿಗೆಗೆ ತಂದ ಮೇಲೆ 0.1 ಡಿಬಿ ಆಸುಪಾಸಿಗೆ ಬಂತು. ಆರ್ಕ್ (ಬೆಸೆಯುವ ವಿದ್ಯುತ್ ಕಿಡಿ) ಸೆಟ್ಟಿಂಗ್ ಮಾತ್ರ ಹೇಳುವುದಿಲ್ಲ, ಅದಕ್ಕೆ ತುಂಬಾ ಗಾಜು ಸುಟ್ಟಿದ್ದೇವೆ.

ಇನ್ನೊಂದು ಮಜಾ ಕೇಳಿ. ಒಂದು ಸ್ಪ್ಲೈಸ್ ಕರೆಕ್ಟಾಗಿ 90 ಡಿಗ್ರಿ ತಿರುಗಿ ಕೂತಿತ್ತು. ಪ್ರತಿ ಕೋರ್ ಪಕ್ಕದ ಕೋರ್‌ಗೆ ಸರಿಯಾಗಿ ಕೂತಿದ್ದರಿಂದ ಲಾಸ್ ಕಡಿಮೆಯೇ ಇತ್ತು. ಲೇನ್ (ಬೆಳಕಿನ ದಾರಿ) ಅದಲುಬದಲಾದರೂ ಪೋರ್ಟ್‌ನೊಳಗಿನ ಪಿಸಿಎಸ್ ಎಂಬ ಪದರ ಸರಿಯಾದ ಕ್ರಮಕ್ಕೆ ಜೋಡಿಸಿಕೊಳ್ಳುತ್ತದಲ್ಲ, 400ಜಿ ಪೋರ್ಟ್ ಆರಾಮಾಗಿ ಎದ್ದಿತು. ಅದನ್ನೇ ನಾಲ್ಕು 100ಜಿ ಆಗಿ ಒಡೆದ ದಿನ ಲೈಟೆಲ್ಲ ಹಸಿರು, ಪಿಂಗ್‌ಗೆ (ಸಂಪರ್ಕ ಪರೀಕ್ಷೆ) ಉತ್ತರವೇ ಇಲ್ಲ! ಎದುರು ತುದಿಯಲ್ಲಿ ಯಾವ ಪೋರ್ಟ್ ಇದೆ ಎಂದು ತಿಳಿಸುವ ಎಲ್‌ಎಲ್‌ಡಿಪಿ ನೋಡಿದರೆ ಆ ತುದಿ ಒಬ್ಬ ನೆರೆಯವನನ್ನು ತೋರಿಸುತ್ತದೆ, ಈ ತುದಿ ಇನ್ನೊಬ್ಬನನ್ನು. ಕ್ಲಾಡಿಂಗ್‌ನಲ್ಲಿರುವ (ಕೋರ್‌ಗಳ ಸುತ್ತಲಿನ ಗಾಜು) ಮಾರ್ಕರ್ ಚುಕ್ಕೆಯನ್ನು ಪ್ರತಿ ಸ್ಪ್ಲೈಸ್‌ನಲ್ಲೂ ಕಣ್ಣಾರೆ ನೋಡಿ. ಎದುರುಬದುರು ತುದಿಗಳು ಕನ್ನಡಿ ಬಿಂಬದಂತೆ ಕಾಣುತ್ತವೆ, ಅದೂ ನೆನಪಿರಲಿ.

ಸುಮ್ನೆ ಕುತೂಹಲಕ್ಕೆ ಅಕ್ಕಪಕ್ಕದ ಕೋರ್‌ಗಳಲ್ಲಿ ಎದುರು ದಿಕ್ಕಿಗೆ ಬೆಳಕು ಬಿಟ್ಟೂ ನೋಡಿದೆ. ಕ್ರಾಸ್‌ಟಾಕ್ (ಒಂದು ಕೋರ್‌ನ ಬೆಳಕು ಪಕ್ಕದ್ದಕ್ಕೆ ಸೋರುವುದು) ಇನ್ನಷ್ಟು ಇಳಿಯಿತು, ಆದರೆ 300 ಮೀಟರ್‌ಗೆ ಅದು ಮೊದಲೂ ಲೆಕ್ಕಕ್ಕಿರಲಿಲ್ಲ.

ಮುಂದಿನದು 800ಜಿ ಡಿಆರ್8. ಹದಿನಾರು ಎಳೆಯ ಕೆಲಸ ನಾಲ್ಕರಲ್ಲಿ ಆಗುತ್ತದೆ. ಫ್ಯಾನ್‌ಔಟ್ ಬೆಲೆಗೆ ಚೌಕಾಸಿ ನಡೆಯುತ್ತಿದೆ, ಈ ಸಲ ಸ್ಪ್ಲೈಸ್ ನಮ್ಮ ಹುಡುಗರೇ ಮಾಡುತ್ತಾರೆ.