ಚಿಂತಾಮಣಿಯಲ್ಲಿ ಕೂತು ಕ್ರಾನ್‌ವೆಲ್ ಲೈನು ಹುಡುಕಿದ್ದು

ಇಂಗ್ಲೆಂಡಿನ ಕ್ರಾನ್‌ವೆಲ್‌ಗೆ ಹೋಗುತ್ತಿದ್ದ, ಈಗ ಮುಚ್ಚಿಹೋಗಿರುವ ಹಳೇ ರೈಲು ಲೈನಿನ ಗುರುತು, ಹಳಿಗಾಗಿ ಎತ್ತರಿಸಿದ್ದ ಮಣ್ಣಿನ ದಿಣ್ಣೆ, ಹುಡುಕಲು ಅಲ್ಲೇ ಇರುವ ಮಗಳನ್ನು ಕಳಿಸಿದ್ದೆ. ಅವಳು ಫೋನಿನಲ್ಲಿ ರೇಗಿದಳು. "ಅಪ್ಪಾ, ಇಲ್ಲಿ ರೈಲೂ ಇಲ್ಲ, ದಿಣ್ಣೆಯೂ ಇಲ್ಲ. ಬರೀ ಗೋಧಿ ಹೊಲ. ಸರಿಯಾಗಿ ಅಳೆದಿದ್ದೀಯಾ?"

ಮೂವತ್ತು ವರ್ಷ ತಾಲ್ಲೂಕು ಸರ್ವೇಯರ್ ಆಗಿದ್ದವನಿಗೆ ಈ ಪ್ರಶ್ನೆ! ಆದರೆ ತಪ್ಪು ನನ್ನದೇ. ನಮ್ಮ ಕಡೆ ಚೈನು ಅಂದರೆ 33 ಅಡಿ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ಇಂಗ್ಲೆಂಡಿನವರ ಚೈನು 66 ಅಡಿ. ಅಂಥ 80 ಚೈನು ಸೇರಿದರೆ ಒಂದು ಮೈಲಿ. ಅವರ ರೈಲಿನ ಲೆಕ್ಕವೆಲ್ಲ ಮೈಲಿ ಮತ್ತು ಚೈನಿನಲ್ಲೇ. 40 ಚೈನು ಅಂತ ಕಂಡ ಕೂಡಲೇ ನನ್ನ ಕೈ ತಾನಾಗಿ 400 ಮೀಟರ್ ಅಂತ ಬರೆದಿತ್ತು. ಇರಬೇಕಾದದ್ದು 800. ಪಾಪ, ಮಗಳು ಅರ್ಧ ದಾರಿಯಲ್ಲೇ ನಿಂತು ಹುಡುಕುತ್ತಿದ್ದಳು.

ಅವಳು ಲಿಂಕನ್ ಊರಿನಲ್ಲಿ ನರ್ಸ್. ಒಂದು ದಿನ ಕ್ರಾನ್‌ವೆಲ್ ವಾಯುನೆಲೆಯ ಮುಂದೆ ಹಾದು ಹೋಗುವಾಗ ಕಾವಲುಗಾರರ ಕಟ್ಟಡ ನೋಡಿದಳಂತೆ. "ಅಪ್ಪಾ, ಅದು ಗಾರ್ಡ್ ರೂಮ್ ಥರ ಇಲ್ಲ. ನಮ್ಮ ನಂದಿ ಹಾಲ್ಟ್ ಸ್ಟೇಷನ್ ಥರ ಇದೆ" ಅಂದಳು. ಮಿಲಿಟರಿ ಜಾಗ, ಫೋಟೋ ತೆಗೆಯಲು ಹೆದರಿಕೆ. ಬಾಯಲ್ಲೇ ವರ್ಣಿಸಿದಳು. ಹುಡುಕಿ ನೋಡಿದರೆ ಅವಳ ಊಹೆ ನಿಜ. ಅದು ಹಳೇ ರೈಲ್ವೆ ಸ್ಟೇಷನ್ನೇ. ರೈಲು ನಿಂತ ಮೇಲೆ ಗಾರ್ಡ್ ರೂಮ್ ಆಗಿದೆ.

ಕಥೆ ಹೀಗೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟನ್ನಿನ ನೌಕಾಪಡೆ ಅಲ್ಲಿ ವಿಮಾನ ತರಬೇತಿಯ ನೆಲೆ ಶುರು ಮಾಡಿತು. ವಿಮಾನ ಇಳಿಸಲು ಎತ್ತರದ ಬಯಲು ಚೆನ್ನಾಗಿತ್ತು. ಆದರೆ ಇಟ್ಟಿಗೆ, ಕಲ್ಲಿದ್ದಲು, ಸಾವಿರಾರು ಜನ, ಇವರನ್ನೆಲ್ಲ ಮೇಲಕ್ಕೆ ಸಾಗಿಸುವುದು ಹೇಗೆ? ಆಗ ಲಾರಿ ಕಡಿಮೆ, ರಸ್ತೆಯೂ ಅಷ್ಟಕ್ಕಷ್ಟೆ. ಹಾಗಾಗಿ ಸ್ಲೀಫರ್ಡ್ ಪಟ್ಟಣದಿಂದ ಸುಮಾರು 5 ಮೈಲಿ, ಅಂದರೆ 8 ಕಿಲೋಮೀಟರ್, ಬೇರೆಯೇ ಲೈನು ಹಾಕಿದರು. 1918ರಲ್ಲಿ ವಾಯುಪಡೆ ಹುಟ್ಟಿ ನೆಲೆ ಅದರ ಕೈಗೆ ಬಂತು. 1920ರಲ್ಲಿ ಅಲ್ಲೇ ಅಧಿಕಾರಿಗಳ ಕಾಲೇಜು ತೆರೆಯಿತು. ಬಸ್ಸು ಲಾರಿ ಜಾಸ್ತಿಯಾದ ಮೇಲೆ ರೈಲಿಗೆ ಕೆಲಸ ಇಲ್ಲದಾಯಿತು. 1956ರಲ್ಲಿ ಮುಚ್ಚಿದರು.

ಒಬ್ಬನೇ ಗಿರಾಕಿ ಇರುವ ಅಂಗಡಿ ಅದು. ವಾಯುನೆಲೆಯ ಬಾಗಿಲಲ್ಲಿ ಲೈನು ಮುಗಿಯುತ್ತದೆ, ಮುಂದೆ ಊರಿಲ್ಲ, ಸಂತೆಯಿಲ್ಲ. ಆ ಗಿರಾಕಿ ಲಾರಿ ಹಿಡಿದ, ಅಷ್ಟೇ. ನಮ್ಮ ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಸಣ್ಣ ರೈಲು ಹಾಗಲ್ಲ. 1913ರಲ್ಲಿ ಬಂಗಾರಪೇಟೆ–ಕೋಲಾರದ ನಡುವೆ ಶುರುವಾದ 762 ಮಿಲಿಮೀಟರ್ ಗೇಜಿನ, ಅಂದರೆ ಎರಡು ಹಳಿಗಳ ನಡುವೆ ಅಷ್ಟೇ ಅಗಲ ಇದ್ದ, ಲೈನು ಅದು. ನಡುವೆ ಎಷ್ಟೋ ವರ್ಷ ಸತ್ತಂತೆ ಬಿದ್ದಿದ್ದರೂ ದಾರಿಯುದ್ದಕ್ಕೂ ಊರುಗಳಿದ್ದವು, ಕೇಳುವ ಜನ ಇದ್ದರು. 2013ರಲ್ಲಿ ಬ್ರಾಡ್‌ಗೇಜ್ ರೈಲು ಚಿಂತಾಮಣಿಗೆ ಬಂತು.

ಸರಿ, ಕ್ರಾನ್‌ವೆಲ್ ಲೈನನ್ನು ಇಲ್ಲಿಂದಲೇ ಹೇಗೆ ಹಿಡಿದೆ ಅಂತ ಹೇಳುತ್ತೇನೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟನ್ನಿನ ಹಳೇ ಸರ್ವೇ ನಕ್ಷೆಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಹಳೇ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಒಂದು ಗುಂಡಿ ಎಳೆದರೆ ನಕ್ಷೆ ನಿಧಾನಕ್ಕೆ ಮಾಸುತ್ತದೆ, ಕೆಳಗಿನ ಹೊಲ ಕಾಣುತ್ತದೆ. ಮೊದಲ ಸಲ ನೋಡಿದಾಗ ಹೊಟ್ಟೆಕಿಚ್ಚಾಯಿತು. ಹರಿದ ಟಿಪ್ಪಣಿ ಹಾಳೆಯನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು ನಕಲು ಮಾಡಿದ ಕಾಲ ನೆನಪಾಯಿತು.

ಹಳೇ ಲೈನು ಹುಡುಕುವವರು ಸಾಮಾನ್ಯವಾಗಿ ಹಳಿ, ಸೇತುವೆ, ಕಂಬ ಹುಡುಕುತ್ತಾರೆ. ನನ್ನ ಕಣ್ಣು ಹೋಗುವುದು ಹೊಲದ ಗಡಿಗೆ. ರೈಲಿಗೆ ಜಮೀನು ತೆಗೆದುಕೊಂಡಾಗ ಹೊಲಗಳು ಅಡ್ಡಡ್ಡ ಕತ್ತರಿಸಿ ಹೋಗುತ್ತವೆ. ಹಳಿ ಕಿತ್ತರೂ ಆ ಕತ್ತರಿ ಗುರುತು ಉಳಿಯುತ್ತದೆ. ಚೌಕ ಚೌಕದ ಹೊಲಗಳ ನಡುವೆ ಒಂದು ಬೇಲಿ ಮಾತ್ರ ಕಾರಣವೇ ಇಲ್ಲದೆ ನಿಧಾನಕ್ಕೆ ಬಾಗಿಕೊಂಡು ಹೋಗುತ್ತಿದ್ದರೆ ಅನುಮಾನ ಪಡಬೇಕು. ಗಾಡಿ ದಾರಿ ಹೊಲದ ಮೂಲೆಯಲ್ಲಿ ಥಟ್ಟನೆ ತಿರುಗುತ್ತದೆ, ರೈಲು ಹಾಗೆ ತಿರುಗಲಾರದು.

ಇನ್ನೊಂದು, ಏರು. ಸ್ಲೀಫರ್ಡ್‌ನಿಂದ ವಾಯುನೆಲೆಗೆ ಹತ್ತಿರ ಹತ್ತಿರ 50 ಮೀಟರ್ ಎತ್ತರ. 8 ಕಿಲೋಮೀಟರಿಗೆ ಹಂಚಿದರೆ ಸರಾಸರಿ 160 ಮೀಟರ್ ನಡೆದರೆ 1 ಮೀಟರ್ ಏರು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳ ನಡುವೆ ಈ ಲೆಕ್ಕಕ್ಕೆ ಒಗ್ಗುವ ದಾರಿಗಳು ಬಹಳ ಇರುವುದಿಲ್ಲ. ಇದ್ದ ಒಂದೆರಡರಲ್ಲಿ ನನ್ನ ಬಾಗಿದ ಬೇಲಿಯೂ ಇತ್ತು.

ಚೈನು ಸರಿಪಡಿಸಿಕೊಂಡ ಮೇಲೆ ಮುಂದಿನ ಭಾನುವಾರ ಮತ್ತೆ ಹೊರಟೆವು. ಅವಳಿಗೆ ಮಧ್ಯಾಹ್ನ ಒಂದು ಗಂಟೆ, ನನಗೆ ಸಂಜೆ ಐದೂವರೆ. ಕೈಯಲ್ಲಿ ಕಾಫಿ. ಅಲ್ಲಿ ಕಂಡವರ ಹೊಲಕ್ಕೆ ನುಗ್ಗುವ ಹಾಗಿಲ್ಲ, ಸಾರ್ವಜನಿಕ ಕಾಲುದಾರಿ ಬಿಟ್ಟು ಇಳಿಯಬೇಡ ಅಂತ ಮೊದಲೇ ಹೇಳಿದ್ದೆ. ಅರ್ಧ ಗಂಟೆ ನಡೆದು ನಿಂತಳು. "ಅಪ್ಪಾ, ಹುಲ್ಲಿನಲ್ಲಿ ಒಂದು ಪಟ್ಟಿ ಮಾತ್ರ ಒಣಗಿದೆ." ನನಗೆ ಅಷ್ಟೇ ಬೇಕಿತ್ತು. ಜಲ್ಲಿ ಹಾಕಿದ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಮೊದಲು ಹಳದಿಯಾಗುವುದು ಅಲ್ಲಿನ ಹುಲ್ಲೇ. ಪಟ್ಟಿ ನಕ್ಷೆಯ ಗೆರೆಯ ಜೊತೆಗೇ ಬಾಗಿತ್ತು. ಇಬ್ಬರೂ ಸುಮ್ನೆ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಹುಚ್ಚು ಹತ್ತಿದ ಮೇಲೆ ಒಂದಕ್ಕೇ ನಿಲ್ಲುತ್ತದಾ? ಕ್ಯಾಲ್ಶಾಟ್ ಅಂತ ಕಡಲ ತೀರದಲ್ಲಿ ಇನ್ನೊಂದು ನೆಲೆ, ನೀರಿನ ಮೇಲೆ ಇಳಿಯುವ ವಿಮಾನಗಳದ್ದು. ಅಲ್ಲಿದ್ದದ್ದು ಎರಡೇ ಅಡಿ ಗೇಜಿನ ಪುಟ್ಟ ರೈಲು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಅದೂ ಮುಗಿಯಿತು. ಆದರೆ 1918ರಲ್ಲಿ ಮಾಡಿದ ಒಂದು ಎಂಜಿನ್ ಬದುಕಿಕೊಂಡಿತು. 1953ರಲ್ಲಿ ವೇಲ್ಸಿನ ಟಾಲಿಲಿನ್ ರೈಲ್ವೆಗೆ ಹೋಯಿತು, ಡಗ್ಲಸ್ ಅಂತ ಹೆಸರು. ಅಲ್ಲಿನ ಗೇಜು ಎರಡು ಅಡಿ ಮೂರು ಇಂಚು. ಮೂರು ಇಂಚಿಗೋಸ್ಕರ ಚಕ್ರಗಳನ್ನು ಅಗಲ ಮಾಡಿಸಿ ಓಡಿಸಿದರಂತೆ. ನೆಲದಲ್ಲಿ ಗುರುತು ಹುಡುಕುವ ನನಗೆ ಎಂಜಿನ್ ಮೇಲೆ ಅಷ್ಟು ಮೋಹ ಇಲ್ಲ, ಆದರೂ ಈ ಮೂರು ಇಂಚು ಇಷ್ಟವಾಯಿತು.

ಇದೇ ಪಾಠ ನಮ್ಮ ಊರಿಗೂ ಹಾಕಿ ನೋಡಿದೆ. ಸಣ್ಣ ಗೇಜಿನ ರೈಲು ಹಾವಿನ ಹಾಗೆ ಬಳಸಿ ಹೋಗುತ್ತಿತ್ತು. ಬ್ರಾಡ್‌ಗೇಜ್‌ಗೆ ಅಷ್ಟು ಚಿಕ್ಕ ತಿರುವು ಆಗದು, ತಿದ್ದಿದ ಕಡೆ ಹಳೇ ದಿಣ್ಣೆ ಪಕ್ಕದಲ್ಲೇ ಉಳಿಯುತ್ತದೆ. ಇಲ್ಲಿ ಮಾಸುವ ನಕ್ಷೆ ನನಗೆ ಸಿಗಲಿಲ್ಲ, ಗ್ರಾಮ ನಕಾಶೆ ಸಾಕು. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಸರ್ವೇ ನಂಬರುಗಳನ್ನು ಸೀಳಿಕೊಂಡು ಎರಡು ಗೆರೆ ಜೊತೆಯಾಗಿ ಹೋಗಿದ್ದರೆ, ಆ ಊರಿನ ಪಹಣಿ ತೆಗೆದು ಯಾರ ಹೆಸರಲ್ಲಿದೆ ನೋಡಬೇಕು. ಮೊದಲ ಮಳೆ ಬಿದ್ದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು. ದಿಣ್ಣೆ ಅಡ್ಡವಿದ್ದರೆ ನೀರು ಅದರ ಮೇಲ್ಗಡೆ ಮಾತ್ರ ನಿಂತಿರುತ್ತದೆ.

ಹೋದ ತಿಂಗಳು ಹಾಗೇ ಹೋಗಿದ್ದೆ. ಮಾವಿನ ತೋಪಿನ ಅಂಚಿನಲ್ಲಿ ತಲೆಯೆತ್ತರದ ದಿಣ್ಣೆ, ಕೆಳಗೆ ಕಲ್ಲಿನ ಮೋರಿ. ಟೇಪು ಹಿಡಿದು ಮೋರಿಯ ಬಾಯಿ ಅಳೆಯುತ್ತಿದ್ದಾಗ ತೋಟದ ಯಜಮಾನರು ಓಡಿ ಬಂದರು.

"ಯಾಕೆ ಸಾರ್, ಮತ್ತೆ ಜಮೀನು ತಗೊಳ್ತಾರಾ?"

ಇಲ್ಲ, ಸುಮ್ನೆ ಹಳೇ ರೈಲಿನ ದಾರಿ ನೋಡ್ತಿದ್ದೀನಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮುಖ ದಿಟ್ಟಿಸಿ ನೋಡಿ, "ನೀವು ಸರ್ವೇ ಆಫೀಸಲ್ಲಿ ಇದ್ದೋರು ಅಲ್ವಾ?" ಅಂದರು. ಹೌದು ಅನ್ನಬೇಕಾಯಿತು.

"ಹಂಗಾದ್ರೆ ರೈಲು ಆಮೇಲೆ ನೋಡಿವ್ರಂತೆ. ಬನ್ನಿ, ಅಲ್ಲಿ ನಮ್ಮ ದಾಯಾದಿ ಕಲ್ಲು ಒತ್ತರಿಸಿದಾನೆ."

ಟೇಪು ಸುತ್ತಿಕೊಂಡು ಅವರ ಹಿಂದೆ ಹೋದೆ.