ಕೋಲಿಗೆ ಕೋಲು ಉಜ್ಜಿ ಬೆಂಕಿ: ಸೆಲ್ಕಿರ್ಕ್‌ನ ಕಸುಬು, ನನ್ನ ಅನುಭವ

ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕಿರ್ಕ್ 1704ರಲ್ಲಿ ಚಿಲಿ ಕರಾವಳಿಯಾಚೆಯ ಮಾಸ್ ಎ ತಿಯೆರಾ ದ್ವೀಪದಲ್ಲಿ ಒಂಟಿಯಾಗಿ ಉಳಿದಾಗ ಬಂದೂಕು, ಸ್ವಲ್ಪ ಮದ್ದುಗುಂಡು, ಕೊಡಲಿ, ಚಾಕು, ಕೆಟಲ್, ಹಾಸಿಗೆ, ಬೈಬಲ್ ಇದ್ದವು. ಮದ್ದು ಮುಗಿದ ಮೇಲೆ ಕಾಡುಮೇಕೆಗಳನ್ನು ಓಡಿಯೇ ಹಿಡಿದ. ಪಿಮೆಂಟೊ ಮರದ ಎರಡು ಕೋಲುಗಳನ್ನು ಮೊಣಕಾಲ ಮೇಲಿಟ್ಟು ಉಜ್ಜಿ ಬೆಂಕಿ ಮಾಡುತ್ತಿದ್ದ ಎಂದು, 1709ರ ಫೆಬ್ರವರಿಯಲ್ಲಿ ಅವನನ್ನು ಹಡಗಿಗೆ ಹತ್ತಿಸಿಕೊಂಡ ವುಡ್ಸ್ ರೋಜರ್ಸ್ ಬರೆದಿದ್ದಾನೆ.

ಮೊಣಕಾಲ ಮೇಲೆ ಉಜ್ಜುವುದು ಕಷ್ಟ. ಭಾರ ಬೀಳುವುದಿಲ್ಲ, ಪುಡಿ ಚೆಲ್ಲಿಹೋಗುತ್ತದೆ. ನಾನು ಕಲಿಸುವುದು ಬಿಲ್ಲು ಕಟ್ಟಿ ಕಡೆಯುವ ಕ್ರಮ: ಬಿಲ್ಲಿನ ಹಗ್ಗವನ್ನು ಕೋಲಿಗೆ ಒಂದು ಸುತ್ತು ಹಾಕಿ, ಕೋಲನ್ನು ಮೇಲಿನಿಂದ ಹಲಗೆಗೆ ಒತ್ತಿ ಹಿಡಿದು, ಬಿಲ್ಲನ್ನು ಹಿಂದೆ ಮುಂದೆ ಎಳೆದು ತಿರುಗಿಸುವುದು. ಹೆಬ್ಬೆರಳು ದಪ್ಪದ, ಗೇಣುದ್ದದ ನೆಟ್ಟನೆ ಕೋಲು. ಅದರ ಕೆಳಗಿಡಲು ಅರ್ಧ ಇಂಚು ದಪ್ಪದ ಹಲಗೆ. ಎರಡೂ ಉಗುರೊತ್ತಿದರೆ ಗುರುತು ಬೀಳುವಷ್ಟು ಮೆದುವಾಗಿರಬೇಕು, ರಾಳ ಇರಬಾರದು. ನೆಲಕ್ಕೆ ಬಿದ್ದ ಕಟ್ಟಿಗೆ ತೇವ ಹೀರಿರುತ್ತದೆ, ಮರದಲ್ಲೇ ಒಣಗಿ ನಿಂತ ಕೊಂಬೆಯೇ ಆಗಬೇಕು.

ಮೊದಲು ಕಡೆದು ಹಲಗೆಯಲ್ಲಿ ಸಣ್ಣ ಗುಳಿ ಮಾಡಿ. ಆಮೇಲೆ ಹಲಗೆಯ ಅಂಚಿನಿಂದ ಗುಳಿಯ ನಡುವಿನವರೆಗೆ, ವೃತ್ತದ ಎಂಟನೇ ಒಂದು ಪಾಲಿನಷ್ಟು ಅಗಲದ ಕಚ್ಚು ಕೊಯ್ಯಿರಿ. ಬಿಸಿ ಪುಡಿ ಒಂದೆಡೆ ಕೂಡುವುದು ಅಲ್ಲೇ. ಹೆಚ್ಚಿನವರು ಸೋಲುವುದೂ ಅಲ್ಲೇ: ಕಚ್ಚು ಕಿರಿದಾದರೆ ಪುಡಿಗೆ ಗಾಳಿ ಸಿಗದು, ಅಗಲವಾದರೆ ಕೋಲು ಜಾರಿ ಹೊರಬರುತ್ತದೆ.

ಹೊಗೆ ಬರುವ ತನಕ ನಿಧಾನ, ಆಮೇಲೆ ಭಾರ ಮತ್ತು ವೇಗ ಎರಡೂ ಹೆಚ್ಚಲಿ. ಪುಡಿಯ ಬಣ್ಣ ನೋಡುತ್ತಿರಿ. ತಿಳಿಕಂದು, ದಪ್ಪ ಪುಡಿ ಬಿದ್ದರೆ ಬಿಸಿ ಸಾಲದು. ಕಪ್ಪುಕಂದಾದರೆ ಸರಿ. ಕೋಲಿನ ತುದಿ ಗಾಜಿನಂತೆ ಹೊಳೆದರೆ ಉಜ್ಜುವಿಕೆ ನಿಂತಿದೆ ಎಂದರ್ಥ. ಕೆರೆದು, ಚಿಟಿಕೆ ಮರಳು ಹಾಕಿ. ಕೋಲು ತೆಗೆದ ಮೇಲೂ ಪುಡಿಯ ಗುಪ್ಪೆಯಿಂದಲೇ ಹೊಗೆ ಏಳುತ್ತಿದ್ದರೆ ಕೆಂಡ ಹುಟ್ಟಿದೆ. ಆಗ ಅವಸರಿಸಿ ಊದಬೇಡಿ. ಗಟ್ಟಿಯಾಗಲು ಬಿಟ್ಟು, ಬಿಡಿಸಿದ ತೆಂಗಿನ ನಾರಿನ ಮಧ್ಯೆ ಇಟ್ಟು, ಸಣ್ಣಗೆ ಉಸಿರು ಕೊಡಿ. ಹತ್ತಿದ ಬೆಂಕಿಯನ್ನು ರಾತ್ರಿ ಬೂದಿ ಮುಚ್ಚಿ ಉಳಿಸಿಕೊಂಡರೆ ಬೆಳಗ್ಗೆ ಮತ್ತೆ ಕಡೆಯುವ ಕೆಲಸವಿಲ್ಲ.

ಬಟ್ಟೆ ಹರಿದಾಗ ಸೆಲ್ಕಿರ್ಕ್ ಮೇಕೆ ಚರ್ಮವನ್ನು ಅದರದೇ ಬಾರಿನಿಂದ ಹೊಲಿದ. ಸೂಜಿಯ ಬದಲು ಮೊಳೆ. ದುಂಡು ತುಂಡೊಂದನ್ನು ಅಂಚಿನಿಂದ ಸುತ್ತುತ್ತಾ ಕೊಯ್ದರೆ ಉದ್ದನೆ ಬಾರು ಸಿಗುತ್ತದೆ. ಚರ್ಮ ತೇವವಿರುವಾಗಲೇ ತೂತು ಮಾಡಬೇಕು, ಬಾರನ್ನೂ ನೆನೆಸಿಯೇ ಎಳೆಯಬೇಕು. ಒಣಗಿದಾಗ ಹೊಲಿಗೆ ತಾನೇ ಬಿಗಿಯುತ್ತದೆ. ಒಳಬದಿಯ ಮಾಂಸ ಕೆರೆಯದೆ ಬಿಟ್ಟರೆ ನಾರುತ್ತದೆ, ಒಣಗುವಾಗ ತಿಕ್ಕಿ ಮೆದು ಮಾಡದಿದ್ದರೆ ಹಲಗೆಯಾಗುತ್ತದೆ.

ಚಾಕು ಸವೆದಾಗ ದಡದಲ್ಲಿ ಸಿಕ್ಕ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಡಿದು ತೆಳ್ಳಗೆ ಮಾಡಿ ಕಲ್ಲಿಗೆ ಮಸೆದ. ಅಂಥ ಮೆದು ಕಬ್ಬಿಣ ಕಾಯಿಸಿ ನೀರಿಗೆ ಅದ್ದಿದರೂ ಉಕ್ಕಿನ ಹಾಗೆ ಗಟ್ಟಿಯಾಗದು, ಅಲಗು ಬೇಗ ಮಡಚುತ್ತದೆ. ಮಸೆಗಲ್ಲು ಕೈಯಳತೆಯಲ್ಲೇ ಇರಲಿ.