ಮೊಬೈಲಲ್ಲಿ ಶಾರ್ಟ್ ಫಿಲ್ಮ್ ಮಾಡೋರಿಗೆ: ಮೊದ್ಲು ಗಾಜಿನ ಹಂಚು ಎಲ್ಲಿದೆ ನೋಡಿ

ಕಾಲೇಜು ಹುಡುಗ್ರು ಬಂದು ಮೊದ್ಲು ಕೇಳೋದೇ "ಅಣ್ಣ, ಯಾವ ಲೈಟ್ ಬಾಡಿಗೆಗೆ ತರೋಣ" ಅಂತ. ಲೈಟ್ ಆಮೇಲೆ ಮಾರಾಯ, ಶೂಟ್ ಮಾಡೋ ಮನೆಗೆ ಒಂದಿನ ಮುಂಚೆ ಹೋಗಿ ಬೆಳಗ್ಗೆಯಿಂದ ಸಂಜೆವರೆಗೂ ಸುಮ್ನೆ ಕೂತು ಬಾ ಅಂತೀನಿ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹಳೇ ಹಂಚಿನ ಮನೆಗಳಲ್ಲಿ ಬೆಳಕು ಬರೋ ಜಾಗ ಮೂರೋ ನಾಲ್ಕೋ ಇರತ್ತೆ ಅಷ್ಟೆ. ಜಗಲಿ, ತೊಟ್ಟಿ, ಅಡುಗೆಮನೆ ಕಿಟಕಿ, ಮತ್ತೆ ಮಾಡಲ್ಲಿ ಸಿಕ್ಕಿಸಿರೋ ಗಾಜಿನ ಹಂಚು. ಉಳಿದಿದ್ದೆಲ್ಲ ಕತ್ತಲೆ. ಈ ಕತ್ತಲೆಗೆ ಹೆದರಿ ಟ್ಯೂಬ್‌ಲೈಟ್ ಹಾಕಿದ್ರೆ ಮನೆ ಹೋಗಿ ಆಫೀಸ್ ಆಗತ್ತೆ.

ಗಾಜಿನ ಹಂಚಿಂದ ನೆಲಕ್ಕೆ ಬೀಳೋ ಬಿಸಿಲಿನ ಚೌಕ ಇದ್ಯಲ್ಲ, ಒಂದು ಸೀಮೆಸುಣ್ಣ ತಗೊಂಡು ಅರ್ಧರ್ಧ ಗಂಟೆಗೆ ಅದರ ಸುತ್ತ ಗೆರೆ ಎಳೆದು ಟೈಮ್ ಬರೀರಿ. ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ, ಹಾಗಾಗಿ 10:30ಕ್ಕೆ ಅಜ್ಜಿ ಮುಖದ ಮೇಲಿದ್ದ ಬೆಳಕು 11 ಅನ್ನೋ ಹೊತ್ತಿಗೆ ಭುಜ ದಾಟಿ ಕಂಬಕ್ಕೆ ಹೋಗಿರತ್ತೆ, ನೀವು ಡೈಲಾಗ್ ಮರೆತವನಿಗೆ ಬೈತಾ ನಿಂತಿರ್ತೀರಿ. ಅದಕ್ಕೇ ಆ ಬೆಳಕಲ್ಲಿ ವೈಡ್ ಶಾಟ್ ಮೊದ್ಲು ಮುಗಿಸ್ಕೊಳ್ಳಿ. ಕ್ಲೋಸಪ್ಪಿಗೆ ಆಮೇಲೆ ಅಂಗಳದಲ್ಲಿ ಒಬ್ಬ ಕನ್ನಡಿ ಹಿಡ್ಕೊಂಡು ನಿಂತ್ರೂ ಬಿಸಿಲು ಒಳಗೆ ಬರತ್ತೆ. ಇದೇನು ಬಡವರ ಉಪಾಯ ಅಲ್ಲ, ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವ್ರು 1959ರ ಕಾಗಜ್ ಕೆ ಫೂಲ್ ಸಿನಿಮಾಕ್ಕೆ ಸ್ಟುಡಿಯೋ ಒಳಗೆ ಬಿಸಿಲಿನ ಕೋಲು ತಂದಿದ್ದು ದೊಡ್ಡ ಕನ್ನಡಿಗಳಿಂದಾನೇ. ಕೋಲು ಕಾಣ್ಬೇಕು ಅಂದ್ರೆ ಗಾಳಿಯಲ್ಲಿ ಹೊಗೆ ಬೇಕು, ಒಂಚೂರು ಸಾಂಬ್ರಾಣಿ ಸಾಕು. ಬಚ್ಚಲೊಲೆ ಪಕ್ಕ ಶೂಟ್ ಮಾಡ್ತಿದ್ರೆ ಅದೂ ಬೇಡ.

ತೊಟ್ಟಿ ಇರೋ ಮನೆ ಸಿಕ್ಕಿದ್ರೆ ಇನ್ನೂ ಆರಾಮ. ಸುಬ್ರತ ಮಿತ್ರ ಅಂತ ಬಂಗಾಳದ ಕ್ಯಾಮೆರಾಮನ್, 1956ರ ಅಪರಾಜಿತೊ ಸಿನಿಮಾಕ್ಕೆ ಕಾಶಿಯ ಮನೆ ಅಂಗಳನ ಸ್ಟುಡಿಯೋದಲ್ಲೇ ಸೆಟ್ ಹಾಕಿದ್ರು, ಇವ್ರು ಮೇಲೆ ಬಿಳಿ ಬಟ್ಟೆ ಕಟ್ಟಿ ಲೈಟನ್ನ ಅದಕ್ಕೆ ಬಡಿಸಿ ಆಕಾಶದ ಬೆಳಕಿನ ಥರಾನೇ ಮೆತ್ತಗೆ ಇಳಿಸಿದ್ರು. ನಮಗೆ ಆ ಆಕಾಶ ಪುಕ್ಕಟೆ ಇದೆ! ಮಟಮಟ ಮಧ್ಯಾಹ್ನ ಬಿಸಿಲು ನೇರ ಇಳೀತಿದ್ರೆ ಮೇಲೆ ಒಂದು ಬಿಳಿ ಪಂಚೆ ಕಟ್ಟಿ. ಮೋಡ ಇದ್ರೆ ಬೆಳಕು ತಾನೇ ಮೆತ್ತಗಿರತ್ತೆ, ಆದ್ರೆ ಮೇಲಿಂದ ಬರೋದ್ರಿಂದ ಕಣ್ಣಿನ ಗುಳಿ ಕಪ್ಪಾಗತ್ತೆ, ಎದೆ ಕೆಳಗೆ ಒಂದು ಥರ್ಮಾಕೋಲ್ ಶೀಟ್ ಹಿಡೀರಿ ಸಾಕು. ಮುಖ ಚಪ್ಪಟೆ ಕಾಣ್ತಿದೆ ಅನ್ಸಿದ್ರೆ ಇನ್ನೊಂದು ಲೈಟ್ ತರಕ್ಕೆ ಓಡ್ಬೇಡಿ, ಒಂದು ಪಕ್ಕಕ್ಕೆ ಕರಿ ಕಂಬಳಿ ಹಿಡೀರಿ, ಆ ಕೆನ್ನೆಗೆ ನೆರಳು ಬಂದು ಮುಖಕ್ಕೆ ಆಕಾರ ಬರತ್ತೆ. ಕಂಬಳಿ ಬೆಳಕನ್ನ ಕುಡಿಯತ್ತೆ ಅಂತ ನಮ್ಮ ಟೀಮಲ್ಲಿ ಹೇಳ್ತಿದ್ವಿ.

ಇನ್ನು ಫೋನ್ ಸೆಟ್ಟಿಂಗು. ಬ್ಯೂಟಿ ಮೋಡ್ ಆಫ್, 1ಎಕ್ಸ್ ಲೆನ್ಸಲ್ಲೇ ಇರಿ, ಝೂಮ್ ಬೇಕಾದ್ರೆ ಕಾಲಲ್ಲಿ ನಡೀರಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಫ್ರೀ ಇದೆ, ನಿಮ್ಮ ಫೋನಿಗೆ ಹಿಡಿಸದಿದ್ರೆ ಫೋನಿಂದೇ ಪ್ರೋ ಮೋಡ್ ನಡೆಯತ್ತೆ. 25 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಇದ್ರೆ 25, ಶಟರ್ 1/50, ಅಂದ್ರೆ ಒಂದೊಂದು ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು. ಯಾಕೆ ಅಂದ್ರೆ ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಣುಕತ್ತೆ, ಶಟರ್ ಅದಕ್ಕೆ ಹೊಂದದಿದ್ರೆ ಸ್ಕ್ರೀನಲ್ಲಿ ಪಟ್ಟೆ ಪಟ್ಟೆ ಓಡಾಡತ್ತೆ. ಫೋನಲ್ಲಿ 30 ಮಾತ್ರ ಇದ್ರೂ ಶಟರ್ 1/50 ಇಲ್ಲಾ 1/100 ಇಡಿ. ಬಿಸಿಲಲ್ಲಿ 1/50 ಇಟ್ರೆ ಎಲ್ಲ ಬೆಳ್ಳಗಾಗತ್ತೆ, ಆಗ ಲೆನ್ಸಿಗೆ ಕ್ಲಿಪ್ ಹಾಕೋ ಎನ್‌ಡಿ ಫಿಲ್ಟರ್ (ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು) ಬೇಕು, ಇಲ್ಲಾಂದ್ರೆ ನೆರಳಿಗೆ ಬನ್ನಿ.

ಕಲರ್ ವಿಷಯದಲ್ಲಿ ನಾವು ಮಣ್ಣು ಮುಕ್ಕಿದ್ದು ಅಡಿಕೆ ತೋಟದಲ್ಲಿ. ಸೋಗೆ ಸೋಸಿ ಬರೋ ಬೆಳಕೇ ಹಸಿರು, ಮುಖಕ್ಕೂ ಹಸಿರು ಬಡಿಯತ್ತೆ, ವೈಟ್ ಬ್ಯಾಲೆನ್ಸ್ (ಬೆಳಕು ಯಾವ ಬಣ್ಣದ್ದಿದ್ರೂ ಬಿಳಿನ ಬಿಳಿಯಾಗೇ ತೋರ್ಸೋ ಸೆಟ್ಟಿಂಗು) ಆಟೋದಲ್ಲಿತ್ತು, ಹುಡುಗಿ ನಡ್ಕೊಂಡು ಬರ್ತಾ ಬರ್ತಾ ಒಂದೇ ಶಾಟಲ್ಲಿ ಕೆಂಪಿಂದ ಹಸಿರಿಗೆ ತಿರುಗಿದ್ಲು, ಕಾಮಾಲೆ ಬಂದವಳ ಥರ. ಎಡಿಟಿಂಗಲ್ಲಿ ಡಾವಿಂಚಿ ರಿಸಾಲ್ವ್ ಫ್ರೀ ವರ್ಷನ್ ಹಾಕ್ಕೊಂಡು ಎರಡು ರಾತ್ರಿ ಕೂತ್ರೂ ಸರಿಹೋಗ್ಲಿಲ್ಲ, ಯಾಕಂದ್ರೆ ಪ್ರತಿ ಫ್ರೇಮಲ್ಲೂ ಬೇರೆ ಬಣ್ಣ. ಆದ್ರಿಂದ ವೈಟ್ ಬ್ಯಾಲೆನ್ಸನ್ನ ಒಂದೇ ಕೆಲ್ವಿನ್ ನಂಬರಿಗೆ (ಬೆಳಕಿನ ಬಣ್ಣದ ಅಳತೆ) ಲಾಕ್ ಮಾಡಿ. ಬಿಸಿಲಿಗೆ 5500ರ ಹತ್ರ, ಮೋಡಕ್ಕೆ 6500ರ ಮೇಲೆ, ಹಳದಿ ಬಲ್ಬಿಗೆ 3000ರ ಆಸುಪಾಸು. ಬಲ್ಬಿನ ಡಬ್ಬಿ ಮೇಲೆ ಈ ನಂಬರ್ ಬರೆದಿರತ್ತೆ, ಶಿವಮೊಗ್ಗದ ಗಾಂಧಿ ಬಜಾರಲ್ಲಿ ತಗೊಳ್ಳುವಾಗ ಓದಿ ತಗೊಳ್ಳಿ, ಕಿಟಕಿ ಬೆಳಕಿನ ಜತೆ ಸೇರಿಸ್ಬೇಕಾ 6500ರದ್ದು, ರಾತ್ರಿ ದೀಪದ ಸೀನಾ 3000ದ್ದು.

ಬಣ್ಣ ಪ್ಲಾನ್ ಮಾಡೋದು ಅಂದ್ರೆ ನಮ್ಮ ಕಡೆ ಬಣ್ಣ ತೆಗೆಯೋದು. ಹಸಿರು ಮೊದ್ಲೇ ಬೇಕಾದಷ್ಟಿದೆ, ಹಂಚಿನ ಕೆಂಪು, ಕಾವಿ ನೆಲ ಇದೆ, ಅದರ ಮೇಲೆ ಹೀರೋಗೆ ಇನ್ನೊಂದು ಹಸಿರು ಶರ್ಟ್ ಹಾಕಿದ್ರೆ ಅವನು ತೋಟದಲ್ಲಿ ಕಳೆದುಹೋಗ್ತಾನೆ. ಮಾಸಲು ಬಿಳಿ, ಸಾಸಿವೆ ಹಳದಿ ಚೆನ್ನಾಗಿ ಎದ್ದು ಕಾಣತ್ತೆ. ಎಲ್ಲಕ್ಕಿಂತ ದೊಡ್ಡ ಶತ್ರು ನೀಲಿ ಟಾರ್ಪಾಲು! ಪ್ರತಿ ಮನೆ ಹಿಂದೆ ಕಟ್ಟಿಗೆ ಮೇಲೆ, ಅಡಿಕೆ ಮೇಲೆ ಹೊದಿಸಿರ್ತಾರೆ, ಶೂಟ್ ಮಾಡುವಾಗ ಕಣ್ಣಿಗೇ ಬೀಳಲ್ಲ, ಸ್ಕ್ರೀನಲ್ಲಿ ನೋಡಿದ್ರೆ ಅದೊಂದೇ ಕಾಣತ್ತೆ. ಮನೆಯವರನ್ನ ಕೇಳಿ ಸರಿಸಿ, ಆಗಲ್ಲ ಅಂದ್ರೆ ಫ್ರೇಮ್ ಬದಲಾಯಿಸಿ.

ಮಳೆ ಸೀನ್ ಎಲ್ರಿಗೂ ಬೇಕು. ಆಗುಂಬೆಯಲ್ಲಿ ನಿಂತ್ಕೊಂಡು ಶೂಟ್ ಮಾಡಿದ್ರೂ ಮುಂದಿಂದ ಬೆಳಕಿದ್ರೆ ಮಳೆ ಕಾಣಲ್ಲ, ಇದು ನಂಬಕ್ಕೆ ಕಷ್ಟ ಆದ್ರೂ ನಿಜ. ಬೆಳಕು ಮಳೆ ಹಿಂದಿಂದ ಇಲ್ಲಾ ಪಕ್ಕದಿಂದ ಬರ್ಬೇಕು, ಬ್ಯಾಕ್‌ಗ್ರೌಂಡ್ ಕಪ್ಪಿರ್ಬೇಕು. ಜಗಲಿ ಒಳಗೆ ಕೂತು, ಸೂರಿಂದ ಬೀಳೋ ನೀರಿನ ಹಿಂದೆ ಮರದ ದಟ್ಟ ನೆರಳು ಬರೋ ಹಂಗೆ ಫ್ರೇಮ್ ಇಟ್ಟು ನೋಡಿ, ಒಂದೊಂದು ಎಳೆಯೂ ಕಾಣತ್ತೆ. ಲೆನ್ಸ್ ಮಂಜಾಗ್ತಾನೇ ಇರತ್ತೆ, ಜೇಬಲ್ಲಿ ಒಣ ಹತ್ತಿ ಬಟ್ಟೆ ಇರ್ಲಿ. ಕರೆಂಟ್ ಹೋಗತ್ತೆ ಅಂತ ಮೊದ್ಲೇ ತಿಳ್ಕೊಂಡು ಪವರ್ ಬ್ಯಾಂಕ್ ಎರಡು ತುಂಬಿಸಿಡಿ.

ಕ್ಯಾಮೆರಾ ಮೂವ್‌ಮೆಂಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಹಳೇ ಕಾಲದ್ದು, ಇಡೀ ಸಿನಿಮಾಕ್ಕೆ ನಾಲ್ಕೈದು ಮೂವ್ ಸಾಕು. ಶಾಟ್ ಲಿಸ್ಟಲ್ಲಿ ಪ್ರತಿ ಮೂವ್ ಎದುರು ಯಾರು ಹೊರಟಿದ್ದಕ್ಕೆ ಕ್ಯಾಮೆರಾ ಹೊರಡತ್ತೆ ಅಂತ ಬರೀರಿ, ಬರೆಯಕ್ಕೆ ಏನೂ ಇಲ್ಲ ಅಂದ್ರೆ ಟ್ರೈಪಾಡಲ್ಲಿ ಇಡಿ. ಪ್ಯಾನ್ ಮಾಡುವಾಗ, ಅಂದ್ರೆ ನಿಂತಲ್ಲೇ ಕ್ಯಾಮೆರಾನ ಪಕ್ಕಕ್ಕೆ ತಿರುಗಿಸುವಾಗ, ಒಂದು ಕಂಬ ಫ್ರೇಮಿನ ಈ ಅಂಚಿಂದ ಆ ಅಂಚಿಗೆ ಹೋಗಕ್ಕೆ 7 ಸೆಕೆಂಡಾದ್ರೂ ಬೇಕು, ಇಲ್ಲಾಂದ್ರೆ ನಡುಗಿದ ಹಾಗೆ ಕಾಣತ್ತೆ. ಕತ್ತಲೆ ಮನೆಯೊಳಗೆ ನಡೀತಾ ಶೂಟ್ ಮಾಡಿದ್ರೆ ಫೋನಿನ ಸ್ಟೆಬಿಲೈಸೇಶನ್ ಅಲ್ಲಲ್ಲಿ ಮಸುಕು ಮಾಡತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಗಿಂಬಲ್ (ನಡೀತಾ ಶೂಟ್ ಮಾಡಿದ್ರೂ ಫೋನ್ ಅಲ್ಲಾಡದ ಹಾಗೆ ಹಿಡಿಯೋ ಸ್ಟ್ಯಾಂಡು) ಇಲ್ಲ ಅಂತ ಕೊರಗೋರಿಗೆ ಒಂದು ಮಾತು. ಚಿಕ್ಕವರಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಎಳೆಸ್ಕೊಂಡಿಲ್ವಾ? ಅದೇ ನಮ್ಮ ಡಾಲಿ, ಕ್ಯಾಮೆರಾ ಇಟ್ಟು ತಳ್ಳೋ ಗಾಡಿ. ನುಣ್ಣಗಿರೋ ಕಾವಿ ನೆಲದ ಮೇಲೆ ಅಗಲವಾದ ಹಾಳೆ ಇಟ್ಟು, ಫೋನನ್ನ ಎರಡೂ ಕೈಯಲ್ಲಿ ಎದೆಗೊತ್ತಿ ಹಿಡ್ಕೊಂಡು ಕೂತ್ಕೊಳ್ಳಿ, ಒಬ್ಬ ನಿಧಾನಕ್ಕೆ ಎಳೀಲಿ. ತೀರಾ ಒಣಗಿದ ಹಾಳೆ ಸೀಳತ್ತೆ, ಸ್ವಲ್ಪ ನೀರಲ್ಲಿ ನೆನೆಸಿ ಒರೆಸ್ಕೊಳ್ಳಿ. ಸರಸರ ಸದ್ದು ಬರೋದ್ರಿಂದ ಡೈಲಾಗ್ ಇಲ್ಲದ ಶಾಟಿಗೆ ಮಾತ್ರ, ಮಾತಿದ್ರೆ ಹಾಳೆ ಬದ್ಲು ಕಂಬಳಿ.

ಆಮೇಲೆ ನೆಲದ ಮೇಲಿರೋ ಸೀಮೆಸುಣ್ಣದ ಗೆರೆನ ಪ್ಯಾಕಪ್ ಆದ ತಕ್ಷಣ ಒರೆಸ್ಬೇಡಿ. ಫೂಟೇಜನ್ನ ಲ್ಯಾಪ್‌ಟಾಪಿಗೆ ಹಾಕಿ ಪೂರ್ತಿ ನೋಡಿ, ರೀಟೇಕ್ ಬೇಕಂದ್ರೆ ಮಾರನೇ ದಿನ ಅದೇ ಹೊತ್ತಿಗೆ ಬಿಸಿಲು ಹೆಚ್ಚುಕಮ್ಮಿ ಅದೇ ಗೆರೆಗೆ ಬರತ್ತೆ. ಮನೆಯ ಅಜ್ಜಿಗೆ ಮಾತ್ರ ಮೊದ್ಲೇ ಹೇಳಿರಿ, ಇಲ್ಲಾಂದ್ರೆ ಬೆಳಗ್ಗೆ ನೀವು ಹೋಗೋದ್ರೊಳಗೆ ಒರೆಸಿ ರಂಗೋಲಿ ಹಾಕಿರ್ತಾರೆ.